‘ಶರಪಂಜರ’: ಶಂಕೆಯೆಂಬ ಹಿಂಸೆ

ಪ್ರೇಕ್ಷಕನನ್ನು ಭಯಪಡಿಸುವ ಚಲನಚಿತ್ರಗಳು ಅನೇಕ. ಆ ಭಯಕ್ಕೆ ತಾನೂ ಕಾರಣನಲ್ಲವೇ ಎಂದು ಆತ ತನ್ನನ್ನೇ ಕೇಳಿಕೊಳ್ಳುವಂತೆ ಮಾಡುವ ಚಿತ್ರಗಳು ವಿರಳ. 1971ರಲ್ಲಿ ತೆರೆಕಂಡ, ಪುಟ್ಟಣ್ಣ ಕಣಗಾಲರ ‘ಶರಪಂಜರ’ ಅಂತಹ ವಿರಳ ಕೃತಿಗಳಲ್ಲೊಂದು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಆದರೆ ಪ್ರಶಸ್ತಿಯಿಂದ ಯಾವ ಕೃತಿಯೂ ಶ್ರೇಷ್ಠವಾಗುವುದಿಲ್ಲ. ಅರ್ಧ ಶತಮಾನ ಕಳೆದರೂ ಈ ಚಿತ್ರ ಜನಮನದಲ್ಲಿ ಉಳಿದಿರುವುದಕ್ಕೆ ಕಾರಣವನ್ನು ಅದರೊಳಗೇ ಅರಸಬೇಕು.

ಚಿತ್ರಕ್ಕೆ ಆಧಾರ ತ್ರಿವೇಣಿಯವರ ಅದೇ ಹೆಸರಿನ ಕಾದಂಬರಿ. ಮನಸ್ಸಿನ ಬೇನೆಯನ್ನು ಕನ್ನಡ ಕಾದಂಬರಿಗೆ ವಸ್ತುವಾಗಿಸಿದ ಈ ಲೇಖಕಿ 1963ರಲ್ಲೇ ತೀರಿಕೊಂಡರು. ಅವರ ಕಥೆಗಳನ್ನೇ ಆಧರಿಸಿದ ‘ಬೆಳ್ಳಿಮೋಡ’ವನ್ನಾಗಲಿ (1967), ‘ಶರಪಂಜರ’ವನ್ನಾಗಲಿ ಅವರು ನೋಡಲಾಗಲಿಲ್ಲ.

ಕಥಾನಾಯಕಿ ಕಾವೇರಿ ಸುಖಸಂಸಾರದ ಗೃಹಿಣಿ. ಹೆರಿಗೆಯ ನಂತರ ಆಕೆಯ ಚಿತ್ತ ಕದಡುತ್ತದೆ. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಬೇರೊಂದು ಚಿತ್ರವಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿತ್ತು. ‘ಶರಪಂಜರ’ದ ನಿಜವಾದ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಆಸ್ಪತ್ರೆ ಆಕೆಯನ್ನು ಗುಣಪಡಿಸಿತು. ಮನೆ ಮಾತ್ರ ಆಕೆಯನ್ನು ಗುಣವಾದವಳೆಂದು ಒಪ್ಪಲಿಲ್ಲ. ಆಕೆಯ ಸಹಜವಾದ ಕೋಪವೂ ಕಣ್ಣೀರೂ ರೋಗದ ಲಕ್ಷಣಗಳಾಗಿಯೇ ಕಾಣುತ್ತವೆ. ನಂಬಿದ ಪತಿಯೇ ಪರಸ್ತ್ರೀಯತ್ತ ಸರಿದಿರುವುದು ತಿಳಿದಾಗ ಆ ಮನಸ್ಸು ಮತ್ತೆ ಒಡೆಯುತ್ತದೆ.

ಆಲ್‌ಫ್ರೆಡ್ ಹಿಚ್‌ಕಾಕನ ‘ಸೈಕೋ’ (1960) ಜಗತ್ಪ್ರಸಿದ್ಧ ಮನೋವೈಜ್ಞಾನಿಕ ರೋಚಕ ಚಿತ್ರ. ಅಲ್ಲಿ ರೋಗಗ್ರಸ್ತ ಮನಸ್ಸು ಇತರರಿಗೆ ಅಪಾಯಕಾರಿ. ‘ಶರಪಂಜರ’ದಲ್ಲಿ ಈ ಕ್ರಮ ತಲೆಕೆಳಗಾಗಿದೆ: ಇಲ್ಲಿ ಆರೋಗ್ಯವಂತರೆನಿಸಿಕೊಂಡವರೇ ಗುಣಮುಖವಾದ ಮನಸ್ಸಿಗೆ ಅಪಾಯ. ‘ಇವಳು ಏನು ಮಾಡಿಯಾಳು?’ ಎಂಬ ಆತಂಕ ಕಥೆಯೊಳಗಿನವರದು. ‘ಇವರು ಇವಳನ್ನು ಏನು ಮಾಡಿಯಾರು?’ ಎಂಬ ಆತಂಕ ಪ್ರೇಕ್ಷಕರದು. ಕೊಲೆಯಿಲ್ಲದೆ, ಆಯುಧವಿಲ್ಲದೆ ಈ ಬಿಗಿಯನ್ನು ಸಾಧಿಸಿರುವುದೇ ಚಿತ್ರದ ಹಿರಿಮೆ. ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅವರ ಅಭಿನಯ ಈ ಹಿರಿಮೆಗೆ ಆಧಾರಸ್ತಂಭ.

ವನವಾಸದಿಂದ ಮರಳಿದ ಸೀತೆಯನ್ನು ನೆನೆಯುವ ಹಾಡೊಂದು ಚಿತ್ರದಲ್ಲಿದೆ. ಮರಳಿದ ಸೀತೆಗೆ ಮುಂದೇನು ಕಾದಿತ್ತೆಂಬುದನ್ನು ಬಲ್ಲವರಿಗೆ ಅದರ ಧ್ವನಿ ಹೇಳದೆಯೇ ತಿಳಿಯುತ್ತದೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿಯೂ ಸೀತೆಯನ್ನು ಕಾಡಿಗೆ ಕಳುಹಿಸುವುದು ಲೋಕಾಪವಾದವೇ. ಕಾವೇರಿಯನ್ನು ಸುತ್ತುವರಿದ ಬಾಣಗಳೂ ಅಂಥವೇ: ಒಂದು ಪಿಸುಮಾತು, ಒಂದು ಓರೆನೋಟ, ಒಂದು ಹಿಂಜರಿಕೆ. ಕೈಯೆತ್ತದೆಯೂ ಹಿಂಸೆ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡ ಚಿತ್ರರಂಗದಲ್ಲಿ ದುರ್ಲಭ.

ಚಿತ್ರ ದೋಷಮುಕ್ತವೇನೂ ಅಲ್ಲ. ಕೆಲವೆಡೆ ಭಾವಾವೇಶ ಮಿತಿಮೀರುತ್ತದೆ. ದುರಂತ ಅಂತ್ಯವು, ಈ ಬೇನೆ ಬಂದವರಿಗೆ ಬಿಡುಗಡೆಯೇ ಇಲ್ಲವೆಂಬ ತಪ್ಪು ತಿಳಿವಳಿಕೆಗೆ ಎಡೆಮಾಡಬಹುದು. ಆದರೂ ಕಾವೇರಿಯನ್ನು ಕೆಡವಿದ್ದು ರೋಗವಲ್ಲ, ಸುತ್ತಲಿನವರ ನಡತೆ ಎಂಬುದನ್ನು ಗಮನವಿಟ್ಟು ನೋಡುವವರು ಮರೆಯಲಾರರು.

ಚಿತ್ರ ಬಂದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಈ ಭಾಗದವರಿಗೆ ಸರ್ಕಾರಿ ಮಾನಸಿಕ ಆಸ್ಪತ್ರೆಯೆಂದರೆ ದೂರದ ಬೆಂಗಳೂರು ಇಲ್ಲವೇ ಧಾರವಾಡ. ಇಂದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 2022ರಿಂದ 14416 ಸಂಖ್ಯೆಗೆ ದೂರವಾಣಿ ಕರೆಮಾಡಿ ಸಲಹೆ ಪಡೆಯಬಹುದು. ಚಿಕಿತ್ಸೆ ಹತ್ತಿರ ಬಂದಿದೆ. ಆದರೆ ಗುಣವಾಗಿ ಮನೆಗೆ ಬಂದ ಸೊಸೆಯ ಕೈಗೆ ಅಡಿಗೆಮನೆಯನ್ನು ಒಪ್ಪಿಸಲು, ಮದುವೆಯ ಮಾತುಕತೆಯಲ್ಲಿ ಆ ಮನೆಯ ಹೆಣ್ಣುಮಕ್ಕಳನ್ನು ದೂರವಿಡದಿರಲು, ಬಸದಿಯ ಪೂಜೆಯಲ್ಲಿ ಆಕೆಯನ್ನು ಎಲ್ಲರಂತೆ ಕೂರಿಸಿಕೊಳ್ಳಲು ಯಾವ ವೈದ್ಯನೂ ಔಷಧ ಬರೆದುಕೊಡಲಾರ. ಆ ಕೆಲಸ ಕುಟುಂಬದ್ದು, ಸಮಾಜದ್ದು. ‘ಶರಪಂಜರ’ ಇಂದಿಗೂ ಕಾಡುವುದು ಇದಕ್ಕಾಗಿಯೇ.