ಕಡೂರು ಸೀಮೆಯ ವೀರಗಲ್ಲುಗಳಲ್ಲಿ ಯೋಧನ ಸಂಸಾರ

ಕಾಳಗದಲ್ಲಿ ಮಡಿದವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು, ಅವನ ಮನೆಯವರ ಜೀವನಕ್ಕೆ ಭೂಮಿ ಬಿಡುವುದು ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದ ಪದ್ಧತಿ. ಆ ಕಲ್ಲು ವೀರಗಲ್ಲು, ಆ ಭೂಮಿ ನೆತ್ತರುಗೊಡಗೆ. ಗಂಡನ ಚಿತೆ ಏರಿದ ಹೆಂಡತಿಗೆ ನಿಲ್ಲಿಸಿದ್ದು ಮಾಸ್ತಿಕಲ್ಲು. ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ ಇಂಥ ಕಲ್ಲುಗಳು ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ನಿಂತಿವೆ. ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಕಲ್ಲು, ಕೊಡಗೆ, ಮಾಸ್ತಿ ಈ ಮೂರನ್ನೂ ಜೊತೆಗಿಟ್ಟು ನೋಡಿದಾಗ, ಯೋಧನ ದಾಂಪತ್ಯವನ್ನೂ ಅವನು ಬಿಟ್ಟುಹೋದ ಸಂಸಾರವನ್ನೂ ಆ ಸಮಾಜ ಹೇಗೆ ನಡೆಸಿಕೊಂಡಿತು ಎಂಬುದನ್ನು ತೂಗಿ ನೋಡಬಹುದು.

ಈ ಸೀಮೆಗೆ ಯುದ್ಧ ಹೊಸತಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರದಿಂದ ಉತ್ತರಕ್ಕೆ ಹೊರಟರೆ ಸಿಗುವ ಬಯಲು ಇದು. ಅಜ್ಜಂಪುರದ ಹತ್ತಿರದ ಅಸಂದಿ ಆ ಕಾಲದಲ್ಲಿ ಗಂಗ ವಂಶದ ಸಾಮಂತರ ನೆಲೆಯಾಗಿತ್ತು. ಇಮ್ಮಡಿ ವೀರಬಲ್ಲಾಳ ಉಚ್ಚಂಗಿಯ ಪಾಂಡ್ಯರ ಮೇಲೂ ಸೇವುಣರ ಮೇಲೂ ದಂಡೆತ್ತಿ ಹೋದದ್ದು ಹನ್ನೆರಡನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆದರೆ ವೀರಗಲ್ಲುಗಳು ಹೇಳುವ ಸಾವು ಬಹಳ ಸಲ ದೂರದ ರಣರಂಗದ್ದಲ್ಲ, ಊರ ಬಾಗಿಲಿನದು. ದನ ಹೊಡೆದುಕೊಂಡು ಹೋಗುವವರನ್ನು ಅಟ್ಟಿ ಹೋರಾಡಿದ್ದು ತುರುಗೊಳ್; ಊರು ಹಾಳಾಗುವಾಗ ಅಡ್ಡ ನಿಂತಿದ್ದು ಊರಳಿವು; ಹೆಣ್ಣುಮಕ್ಕಳ ಮೊರೆ ಕೇಳಿ ಓಡಿದ್ದು ಪೆಣ್ಬುಯ್ಯಲ್. ಮುಂದೆ ಅಮೃತಮಹಲ್ ದನಗಳಿಗೆ ಹೆಸರಾದ ಈ ಹುಲ್ಲುಗಾವಲಿನ ನಾಡಿನಲ್ಲಿ ದನವೇ ಐಶ್ವರ್ಯ. ಅದನ್ನು ಉಳಿಸಲು ಹೋದವನು ಬೆಳಿಗ್ಗೆ ನೇಗಿಲು ಹಿಡಿದ ಒಕ್ಕಲಿನವನೇ ಆಗಿರುವುದು ಸಾಮಾನ್ಯ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಹೆಚ್ಚಿನವುಗಳಲ್ಲಿ ಮೂರು ಹಂತ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕಾಲಡಿಯಲ್ಲಿ ಬಿದ್ದವರು, ತುರುಗೊಳಿನ ಕಲ್ಲಾದರೆ ಒಂದು ಮೂಲೆಯಲ್ಲಿ ದನಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳು. ಗೆದ್ದರೆ ಸಿರಿ ಸಿಗುತ್ತದೆ, ಸತ್ತರೆ ದೇವಲೋಕದ ಹೆಣ್ಣು ಸಿಗುತ್ತಾಳೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೂ ಅನೇಕ ಕಲ್ಲುಗಳಲ್ಲಿದೆ.

ಈ ನಡುವಿನ ಹಂತವೇ ವಿಮರ್ಶೆಗೆ ತಕ್ಕದ್ದು. ಶಿಲ್ಪವಾಗಿ ಅದು ಸೊಗಸು: ಕೆಳಗಿನ ನೂಕುನುಗ್ಗಲಿನಿಂದ ಮೇಲಿನ ನಿಶ್ಚಲತೆಗೆ ಕಣ್ಣು ಏರುವ ಮೆಟ್ಟಿಲು ಅದು. ಅರ್ಥದಲ್ಲಿ ಮಾತ್ರ ಅದು ಯೋಧನಿಗೆ ಮಾಡಿಸಿದ ಎರಡನೆಯ ಮದುವೆ. ಅವನ ಮೊದಲ ಮದುವೆಯ ಹೆಂಡತಿಗೆ, ತೊಟ್ಟಿಲಲ್ಲಿದ್ದ ಮಗುವಿಗೆ, ಮುದಿ ತಂದೆತಾಯಿಗೆ ಆ ಮೂರು ಹಂತದಲ್ಲಿ ಎಲ್ಲೂ ಜಾಗವಿಲ್ಲ. ಸಾಯಲು ಧೈರ್ಯ ತುಂಬುವುದೇ ಗುರಿಯಾದ ಕಲೆ ಮನೆಯ ಅಳುವನ್ನು ಹೊರಗಿಟ್ಟಿತು. ಈ ಕಲೆಯ ದೊಡ್ಡ ಕೊರತೆ ಇದೇ.

ಹೆಂಡತಿಗೆ ಚಿತ್ರದಲ್ಲಿ ಜಾಗ ಸಿಕ್ಕಿದ್ದು ಮಾಸ್ತಿಕಲ್ಲಿನಲ್ಲಿ. ಒಂದು ಕಂಬ, ಅದರ ಮಗ್ಗುಲಿಂದ ಚಾಚಿ, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಒಂದು ತೋಳು, ಮಣಿಕಟ್ಟಿನಲ್ಲಿ ಒಡೆಯದ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು. ಬಳೆ ಒಡೆಯದಿರುವುದೇ ಆ ಕಲ್ಲಿನ ಮಾತು: ಮುತ್ತೈದೆಯಾಗಿಯೇ ಹೋದಳು ಎಂಬುದು. ಇಡೀ ಹೆಣ್ಣು ಬೇಡ, ಬಳೆಯ ತೋಳಷ್ಟೇ ಸಾಕು ಎಂಬ ಈ ಸಂಕ್ಷಿಪ್ತತೆಯನ್ನು ಮರೆಯಲಾಗದು, ಮನ್ನಿಸಲೂ ಆಗದು. ಹಳ್ಳಿಯವರು ಇಂದಿಗೂ ಮಾಸ್ತಮ್ಮನೆಂದು ಅರಿಶಿನ ಕುಂಕುಮ ಇಟ್ಟು ಪೂಜಿಸುವುದರಲ್ಲಿ ನಿಜವಾದ ಗೌರವವಿದೆ. ಆದರೂ ಸಂಪ್ರದಾಯ ಕೊಟ್ಟ ತೀರ್ಪು ಕ್ರೂರವಾದದ್ದು: ಸತ್ತ ಹೆಂಡತಿಗೆ ಕಂಬ, ಬದುಕಿ ಮಕ್ಕಳನ್ನು ಸಾಕಿದವಳಿಗೆ ಬರಿಗೈ.

ಬದುಕಿ ಉಳಿದವಳನ್ನು ಕಾಣಬೇಕಾದರೆ ಶಿಲ್ಪ ಬಿಟ್ಟು ಅಕ್ಷರಕ್ಕೆ ಬರಬೇಕು. ಶಾಸನದ ಕೊನೆಯ ಸಾಲುಗಳಲ್ಲಿ ಕಲ್ಲು ನಿಲ್ಲಿಸಿದವರ ಹೆಸರಿರುತ್ತದೆ: ಮಗ, ತಮ್ಮ, ಊರ ಗಾವುಂಡ, ಕೆಲವೆಡೆ ಹೆಂಡತಿ. ಕಲ್ಲುಕುಟಿಗನನ್ನು ಗೊತ್ತುಮಾಡಿ, ಕೂಲಿ ತೆತ್ತು, ಗಂಡನ ಹೆಸರು ಅಳಿಯದಂತೆ ನೋಡಿಕೊಂಡವಳು ಆ ಒಂದು ಸಾಲಿನಲ್ಲಿದ್ದಾಳೆ. ತೋಳಿನ ಕಂಬಕ್ಕಿಂತ ಈ ಸಾಲು ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಇಲ್ಲಿ ಅವಳು ಕೆಲಸ ಮಾಡಿದವಳಾಗಿ ನಿಂತಿದ್ದಾಳೆ.

ಪದ್ಧತಿಯ ಅತ್ಯುತ್ತಮ ಭಾಗ ಕೊಡಗೆ. ಸತ್ತವನ ಮನೆಗೆ ಗದ್ದೆ ಬೆದ್ದಲನ್ನು ತೆರಿಗೆಯಿಲ್ಲದೆ ಬಿಟ್ಟು, ಅದನ್ನು ಬಿತ್ತನೆಯ ಸಲಗೆ, ಕೊಳಗಗಳ ಲೆಕ್ಕದಲ್ಲಿ ಬರೆಸಿ, ಕಿತ್ತುಕೊಂಡವನಿಗೆ ಶಾಪ ಹಾಕಿ, ಊರೆಲ್ಲ ನೋಡುವ ಕಡೆ ನಿಲ್ಲಿಸುತ್ತಿದ್ದರು. ಶೌರ್ಯಕ್ಕೆ ಭೂಮಿ ಕೊಡುವ ರೂಢಿ ಬಹಳ ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು 450ರದು, ಕಾಳಗದಲ್ಲಿ ಗೆದ್ದವನಿಗೆ ಬಾಳ್ಗಳ್ಚು ಕೊಟ್ಟ ದಾಖಲೆ; 949ರ ತಕ್ಕೋಲದ ಯುದ್ಧವನ್ನು ಹೇಳುವ ಆತಕೂರು ಶಾಸನದಲ್ಲೂ ಮಣಲೇರನಿಗೆ ಸಿಕ್ಕಿದ್ದು ಅದೇ. ಅವು ಬದುಕಿದ್ದ ವೀರನ ಕತ್ತಿ ತೊಳೆದು ಕೊಟ್ಟ ಮಾನ್ಯಗಳು. ನೆತ್ತರುಗೊಡಗೆ ಆ ಹೊಣೆಯನ್ನು ಸತ್ತವನ ಮನೆಯವರೆಗೆ ಒಯ್ಯಿತು. ಒಬ್ಬನ ರಕ್ತದಿಂದ ಊರು ಉಳಿಯಿತಾದರೆ ಅವನ ಮನೆಯನ್ನು ಊರು ಉಳಿಸಬೇಕು ಎಂಬ ಲೆಕ್ಕ ಇದು. ಇಂದಿನ ಯೋಧರ ಪತ್ನಿಯರ ಪಿಂಚಣಿಯ ಹಿಂದಿರುವುದೂ ಇದೇ ನ್ಯಾಯ.

ಕೊಡಗೆಗೂ ಮಿತಿಗಳಿದ್ದವು. ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇಲ್ಲ, ಅಕ್ಷರವಿದ್ದ ಎಲ್ಲದರಲ್ಲೂ ಭೂಮಿಯ ಮಾತಿಲ್ಲ. ಅಂತಸ್ತಿನ ಅಂತರವೂ ದೊಡ್ಡದು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ದೇವಾಲಯವನ್ನೇ ಕಟ್ಟಿಸಿದ. ಅದರ ಶಾಸನ ಕವಿ ಜನ್ನನದು. ಅಂಥ ದಂಡನಾಯಕರ ಹಿಂದೆ ನಡೆದ ಕಾಲಾಳಿಗೆ ದಕ್ಕಿದ್ದು ಆಳೆತ್ತರದ ಒಂದು ಚಪ್ಪಡಿ.

ಹೆಣ್ಣನ್ನು ಅವಳ ಸ್ವಂತ ಬಾಳಿಗಾಗಿ ನೆನೆಯುವುದು ಈ ಸೀಮೆಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹ ಬಿಟ್ಟುದನ್ನು ಕಡೂರಿನ ಶಾಸನವೇ ಹೇಳುತ್ತದೆ. ಅರಮನೆಯ ಜೈನ ಸಾಧಕಿಗೆ ಸಂದ ಆ ಮನ್ನಣೆ ಸಾಮಾನ್ಯ ಸೈನಿಕನ ಹೆಂಡತಿಯವರೆಗೆ ಬರಲಿಲ್ಲ.

ಒಟ್ಟಾರೆ ನೋಡಿದರೆ, ಈ ಪದ್ಧತಿಯ ಶಿಲ್ಪ ಸಾವನ್ನು ಕೊಂಡಾಡಿತು, ಮಾಸ್ತಿ ಅದನ್ನು ಹೆಂಡತಿಯ ಮೇಲೂ ಹೇರಿತು, ಕೊಡಗೆ ಮಾತ್ರ ಬದುಕಿನ ಪರ ನಿಂತಿತು. ಆದ್ದರಿಂದ ವೀರಗಲ್ಲಿನ ಅಧ್ಯಯನದಲ್ಲಿ ಕಾಳಗದ ವರ್ಣನೆಗೆ ಕೊಡುವಷ್ಟೇ ಗಮನವನ್ನು ಕೊನೆಯ ಸಾಲುಗಳಿಗೂ ಕೊಡಬೇಕು. ಯೋಧನ ಸಂಸಾರ ಉಳಿದಿರುವುದು ಅಲ್ಲಿ. ಮಣ್ಣಿನಲ್ಲಿ ಹೂತ ಕಲ್ಲಿನಲ್ಲಿ ಎಷ್ಟೋ ಸಲ ಮೊದಲು ಸವೆದುಹೋಗುವುದೂ ಆ ಸಾಲುಗಳೇ.