ಹತ್ತಕ್ಕೆ ಹತ್ತು ಅಂಕದ ಬಡಾವಣೆ

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಕೆಲಸದ ಮೇಲೆ ಹೊರಟ ಕುಟುಂಬವೊಂದು ಮನೆ ಹುಡುಕುವ ರೀತಿಯನ್ನು ಗಮನಿಸಿ. ವೀಸಾ ಪಾಸ್‌ಪೋರ್ಟಿಗೆ ಅಂಟಿದ ದಿನವೇ ಲ್ಯಾಪ್‌ಟಾಪಿನಲ್ಲಿ ಸಿಲಿಕಾನ್ ಕಣಿವೆಯ ನಕ್ಷೆ ತೆರೆದುಕೊಳ್ಳುತ್ತದೆ. ಕುಪರ್ಟಿನೋ, ಸನ್ನಿವೇಲ್, ಫ್ರೀಮಾಂಟ್, ಪ್ಲೆಸಂಟನ್, ಸ್ಯಾನ್ ರಮೋನ್: ಹುಡುಕಾಟ ಈ ನಾಲ್ಕೈದು ಹೆಸರುಗಳನ್ನು ದಾಟುವುದು ಅಪರೂಪ. ಪ್ರತಿ ಮನೆಯ ವಿವರದ ಕೆಳಗೆ ಆ ವಿಳಾಸಕ್ಕೆ ಸೇರಿದ ಶಾಲೆಯ ಹೆಸರು, ಅದರ ಪಕ್ಕ ಒಂದರಿಂದ ಹತ್ತರೊಳಗಿನ ಒಂದು ಅಂಕ. ಎಂಟಕ್ಕಿಂತ ಕಡಿಮೆಯಿದ್ದರೆ ಆ ಮನೆಯ ಕಥೆ ಅಲ್ಲಿಗೇ ಮುಗಿಯಿತು. ಮೊದಲೇ ಅಲ್ಲಿ ನೆಲೆಸಿದ ಹಳೆಯ ಸಹಪಾಠಿಗೆ ಫೋನ್ ಮಾಡಿದರೂ ಬಾಡಿಗೆಗಿಂತ ಮುಂಚೆ ಬರುವ ಪ್ರಶ್ನೆ "ಸ್ಕೂಲ್ ಡಿಸ್ಟ್ರಿಕ್ಟ್ ಹೇಗಪ್ಪಾ?" ಎಂಬುದೇ.

ಅಂಕ ನೋಡಿ ಊರು ಆರಿಸುವ ಈ ಪದ್ಧತಿಯನ್ನು ನಮ್ಮವರಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ತಪ್ಪಿದ ಅರ್ಧಕ್ಕೆ ದಂಡ ಕಟ್ಟುವವರು ಶಾಲೆಗೆ ಹೋಗುವ ಮಗುವೂ ಅಲ್ಲ, ಆಫೀಸಿಗೆ ಹೋಗುವವರೂ ಅಲ್ಲ. ಆ ಮನೆಯಲ್ಲಿ ಹಗಲು ಕಳೆಯಬೇಕಾದವರು.

ಮೊದಲು ಆ ಅಂಕ ಎಲ್ಲಿಂದ ಬರುತ್ತದೆ ನೋಡೋಣ. ಹೆಚ್ಚಾಗಿ ಬಳಕೆಯಲ್ಲಿರುವುದು ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆಯ ಅಂಕ. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಶಾಲೆಗಳ ಮಾಹಿತಿ ಕೊಡುವ ಉದ್ದೇಶದಿಂದ ಶುರುವಾದದ್ದು ಅದು. ಇಂದು ಜಿಲೋ, ರೆಡ್‌ಫಿನ್‌ನಂಥ ಮನೆ ವ್ಯಾಪಾರದ ತಾಣಗಳೆಲ್ಲ ಅದನ್ನೇ ತೋರಿಸುತ್ತವೆ. ರಾಜ್ಯದ ಪರೀಕ್ಷೆಯಲ್ಲಿ ಮಕ್ಕಳು ತೆಗೆದ ಅಂಕಗಳೇ ಬಹುಕಾಲ ಅದರ ಮುಖ್ಯ ಆಧಾರವಾಗಿದ್ದವು. ಮಕ್ಕಳ ಪರೀಕ್ಷೆಯ ಅಂಕಗಳೋ, ತಂದೆತಾಯಿಯ ಆದಾಯ ಮತ್ತು ಓದನ್ನು ನೆರಳಿನಂತೆ ಹಿಂಬಾಲಿಸುತ್ತವೆ. ಇದು ನಮಗೆ ಹೊಸ ವಿಷಯವೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 95 ದಾಟಿದವರನ್ನಷ್ಟೇ ಸೇರಿಸಿಕೊಳ್ಳುವ ಪಿಯು ಕಾಲೇಜು ನೂರಕ್ಕೆ ನೂರು ಫಲಿತಾಂಶವೆಂದು ಬಸ್ಸಿನ ಹಿಂದೆ ಜಾಹೀರಾತು ಹಾಕಿಸಿಕೊಂಡಾಗ ನಾವು ಒಳಗೊಳಗೇ ನಗುತ್ತೇವೆ. ಸಾಗರ ದಾಟಿದ ಮೇಲೆ ಅದೇ ಜಾಹೀರಾತಿಗೆ ತಿಂಗಳಿಗೆ ಮೂರೂವರೆ ಸಾವಿರ ಡಾಲರ್ ಬಾಡಿಗೆ ಕೊಡುತ್ತೇವೆ.

ಶಾಲೆ ನಿಜಕ್ಕೂ ಏನು ಕಲಿಸಿತು ಎಂದು ತಿಳಿಯಲು ಮಗು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂತು ಎಂದು ನೋಡಬೇಕು. ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ಆ ಕೆಲಸ ಮಾಡಿದರು. ಅವರ ತಂಡ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸರಾಸರಿ ಅಂಕದಲ್ಲಿ ಹಿಂದುಳಿದ ಷಿಕಾಗೋ ನಗರದ ಮಕ್ಕಳು ಮೂರನೆಯ ತರಗತಿಯಿಂದ ಎಂಟನೆಯದಕ್ಕೆ ಬರುವ ಐದು ವರ್ಷಗಳಲ್ಲಿ ಆರು ವರ್ಷದಷ್ಟು ಕಲಿಯುತ್ತಿದ್ದರು. ಮನೆ ಹುಡುಕುವವರ ಪರದೆಯಲ್ಲಿ ಅಂಥ ಶಾಲೆ ಕೆಳಗೇ ಉಳಿಯುತ್ತದೆ. ಕಪ್ಪುವರ್ಣೀಯ ಮತ್ತು ಲ್ಯಾಟಿನೋ ಮಕ್ಕಳು ಕಡಿಮೆಯಿರುವ ಶಾಲೆಗಳ ಕಡೆಗೆ ಈ ಅಂಕಗಳು ಕುಟುಂಬಗಳನ್ನು ದೂಡುತ್ತಿವೆ ಎಂದು ಶಿಕ್ಷಣ ಸುದ್ದಿಸಂಸ್ಥೆ ಚಾಕ್‌ಬೀಟ್ 2019ರಲ್ಲಿ ವರದಿ ಮಾಡಿತು. ಗ್ರೇಟ್‌ಸ್ಕೂಲ್ಸ್ 2020ರಲ್ಲಿ ಸೂತ್ರ ಬದಲಿಸಿ ಮಕ್ಕಳ ಪ್ರಗತಿಗೆ ಹೆಚ್ಚು ತೂಕ ಕೊಟ್ಟಿತು. ಒಳ್ಳೆಯದೇ. ಆದರೆ ಸೂತ್ರ ಬದಲಾದದ್ದು ನಮ್ಮವರ ಮಾತುಕತೆಗೆ ಇನ್ನೂ ಮುಟ್ಟಿಲ್ಲ.

ಈ ಪದ್ಧತಿಗೆ ಸಲ್ಲಬೇಕಾದದ್ದನ್ನೂ ಸಲ್ಲಿಸಬೇಕು. ಎಲ್ಲಿ ಬೆಳೆಯುತ್ತೇವೆ ಎಂಬುದು ನಿಜಕ್ಕೂ ಮುಖ್ಯ. 1994ರಿಂದ ಅಮೆರಿಕದ ಐದು ನಗರಗಳಲ್ಲಿ ಬಡ ಕುಟುಂಬಗಳಿಗೆ ಉತ್ತಮ ಬಡಾವಣೆಗೆ ಹೋಗಲು ಬಾಡಿಗೆ ಸಹಾಯ ಕೊಟ್ಟು ನೋಡಿದ ಪ್ರಯೋಗವೊಂದಿದೆ. ಹದಿಮೂರು ತುಂಬುವ ಮೊದಲೇ ಅಂಥ ಕಡೆಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಸುಮಾರು ಶೇಕಡಾ 31ರಷ್ಟು ಹೆಚ್ಚು ಸಂಪಾದಿಸುತ್ತಿದ್ದರೆಂದು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. ಆದರೆ ಆ ಮಕ್ಕಳು ಹೊರಟದ್ದು ಕಡುಬಡತನದ ಕೇರಿಗಳಿಂದ. ಇಬ್ಬರು ಎಂಜಿನಿಯರುಗಳ ಮಗು ಏಳು ಅಂಕದ ಶಾಲೆಯಿಂದ ಹತ್ತರದಕ್ಕೆ ಹೋದರೂ ಅದೇ ಲಾಭ ಎಂದು ಎಳೆದು ಹೇಳಲು ಬರುವುದಿಲ್ಲ. ಇನ್ನೊಂದು ಮಾತು: ಡೊನೇಷನ್, ಇಂಟರ್‌ವ್ಯೂ, ಅರ್ಜಿಯ ಸಾಲು ಎಂದು ಬೆಂಗಳೂರಿನಲ್ಲಿ ಬೆಂದು ಹೋದವರಿಗೆ, ಬಾಡಿಗೆ ಕರಾರಿನ ಪ್ರತಿ ಮತ್ತು ಕರೆಂಟ್ ಬಿಲ್ಲು ತೋರಿಸಿ ಸರ್ಕಾರಿ ಶಾಲೆಗೆ ಪುಕ್ಕಟೆಯಾಗಿ ಸೇರಬಹುದು ಎಂಬುದೇ ಒಂದು ಬೆರಗು. ಆ ಬೆರಗಿನಲ್ಲಿ ವಿಳಾಸಕ್ಕೆ ಹೆಚ್ಚು ಬೆಲೆ ಕಟ್ಟುವುದು ಅರ್ಥವಾಗುವಂಥದ್ದು.

ಆದರೆ ವಿಳಾಸವೂ ಪೂರ್ತಿ ಭರವಸೆಯಲ್ಲ. ವರ್ಷದ ನಡುವೆ ಬಂದವರ ತರಗತಿ ಭರ್ತಿಯಾಗಿದ್ದರೆ ಮಗುವನ್ನು ಅದೇ ಡಿಸ್ಟ್ರಿಕ್ಟಿನ, ಅಂದರೆ ಅದೇ ಶಾಲಾ ಆಡಳಿತ ವಲಯದ, ಬೇರೆ ಶಾಲೆಗೆ ಕಳಿಸುತ್ತಾರೆ. ಹೆಸರುಗಳೂ ದಾರಿ ತಪ್ಪಿಸುತ್ತವೆ: ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟಿಗೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ; ಅದರ ಶಾಲೆಗಳಿರುವುದು ಸನ್ನಿವೇಲ್, ಕುಪರ್ಟಿನೋ, ಸ್ಯಾನ್ ಹೋಸೆಗಳಲ್ಲಿ. ಇನ್ನು ಕುಪರ್ಟಿನೋದ ವ್ಯಂಗ್ಯ ನೋಡಿ. ಶಾಲೆಯ ಹೆಸರಿಗಾಗಿ ಮನೆಯ ಬೆಲೆ ಏರಿತು, ಏರಿದ ಬೆಲೆಗೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಬರುವುದು ಕಡಿಮೆಯಾಯಿತು, ಸಾಕಷ್ಟು ಮಕ್ಕಳಿಲ್ಲದೆ 2022ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಎಂಬ ಪ್ರಾಥಮಿಕ ಶಾಲೆಗಳು ಮುಚ್ಚಿದವು. ಯಾವ ಶಾಲೆಯ ಸಲುವಾಗಿ ಸಾಲ ಮಾಡಿದ್ದರೋ ಆ ಶಾಲೆಯೇ ಕೆಲವರಿಗೆ ಉಳಿಯಲಿಲ್ಲ. ಹಣದ ವಿಷಯದಲ್ಲೂ ಅಷ್ಟೇ: 2013ರಿಂದ ರಾಜ್ಯದ ಅನುದಾನದ ಸೂತ್ರ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಹೆಚ್ಚಿರುವ ಡಿಸ್ಟ್ರಿಕ್ಟುಗಳಿಗೆ ಹೆಚ್ಚು ಹಣ ಕೊಡುತ್ತದೆ. ಹೀಗಾಗಿ ಸಿರಿವಂತರ ಊರಿನ ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಮೇಷ್ಟರ ಸಂಬಳಕ್ಕೆ ಪೋಷಕರೇ ಚಂದಾ ಎತ್ತುವುದುಂಟು.

ಹೈಸ್ಕೂಲಿನಲ್ಲಿ ಲೆಕ್ಕ ಇನ್ನೂ ತಿರುವುಮುರುವು. ಕುಪರ್ಟಿನೋದ ಮೊಂಟಾ ವಿಸ್ಟಾ ಮತ್ತು ಪಕ್ಕದ ಲಿನ್‌ಬ್ರೂಕ್ ಶಾಲೆಗಳಲ್ಲಿ ಪೈಪೋಟಿ ವಿಪರೀತವಾಯಿತೆಂದು ಬಿಳಿಯ ಕುಟುಂಬಗಳು ಬಿಟ್ಟುಹೋಗುತ್ತಿರುವುದನ್ನು ವಾಲ್ ಸ್ಟ್ರೀಟ್ ಜರ್ನಲ್ 2005ರಲ್ಲೇ ಬರೆದಿತ್ತು. ಆ ಬರಹದಲ್ಲಿ ಏಷ್ಯಾದ ತಂದೆತಾಯಂದಿರನ್ನು ಗುರಿಯಾಗಿಸಿದ ಧಾಟಿಯೂ ಇತ್ತೆಂಬುದು ಬೇರೆ ಮಾತು. ನಮ್ಮವರು ಕೇಳದೇ ಬಿಡುವ ನಿಯಮವೊಂದು ಇಲ್ಲಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು ಈಗ ಪ್ರವೇಶಕ್ಕೆ ಎಸ್ಎಟಿ ಪರೀಕ್ಷೆಯ ಅಂಕ ನೋಡುವುದಿಲ್ಲ. ಜೊತೆಗೆ ವಿಶ್ವವಿದ್ಯಾಲಯಕ್ಕೆ ಒಂದು ಯೋಜನೆಯಿದೆ: ರಾಜ್ಯದಲ್ಲಿ ಅದಕ್ಕೆ ಸೇರಿದ ಪ್ರತಿಯೊಂದು ಹೈಸ್ಕೂಲಿನ ಮೊದಲ ಶೇಕಡಾ 9ರಷ್ಟು ವಿದ್ಯಾರ್ಥಿಗಳಿಗೆ, ಜಾಗವಿದ್ದರೆ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಸೀಟಿನ ಭರವಸೆ ಕೊಡುತ್ತದೆ. ಆ 9ರೊಳಗೆ ಬರುವುದು ಹತ್ತು ಅಂಕದ ಶಾಲೆಯಲ್ಲಿ ಸುಲಭವೋ ಏಳು ಅಂಕದ್ದರಲ್ಲಿ ಸುಲಭವೋ ಎಂದು ಓದುಗರೇ ಲೆಕ್ಕ ಹಾಕಲಿ.

ಇಷ್ಟು ಶಾಲೆಯ ವಿಷಯ. ಈಗ ಮನೆಯ ವಿಷಯಕ್ಕೆ ಬರೋಣ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹೋದ ಗಂಡನ ಜೊತೆ ಎಚ್-4 ಎಂಬ ಅವಲಂಬಿತರ ವೀಸಾ ಮೇಲೆ ಹೋಗುವ ಹೆಂಡತಿ ಕೂಡಲೇ ಕೆಲಸಕ್ಕೆ ಸೇರುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ, 2015ರ ನಿಯಮದಂತೆ, ಕೆಲಸದ ಪರವಾನಗಿ ಕೇಳಬಹುದು. ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಹೋದವರ ಜೊತೆ ಎಲ್-2 ವೀಸಾದಲ್ಲಿ ಹೋದ ಸಂಗಾತಿಗೆ ಆ ತೊಡಕಿಲ್ಲ. ಬೆಂಗಳೂರಿನಲ್ಲಿ ತಂಡ ನಡೆಸುತ್ತಿದ್ದ, ಬ್ಯಾಂಕಿನಲ್ಲಿ ಕೂರುತ್ತಿದ್ದ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು ಒಮ್ಮೆಗೇ ಹಗಲಿಡೀ ಮನೆಯಲ್ಲಿ. ಇರುವುದು ಒಂದು ಕಾರು. ಅದು ಬೆಳಗ್ಗೆಯೇ ಆಫೀಸಿಗೆ ಹೊರಟಿತು. ಹತ್ತು ಅಂಕದ ಶಾಲೆಯ ಬಡಾವಣೆ ಬೆಟ್ಟದ ಬುಡದಲ್ಲಿ: ಅಗಲ ರಸ್ತೆ, ಅಚ್ಚುಕಟ್ಟು ಹುಲ್ಲು, ನಡೆದರೆ ಎದುರಿಗೆ ಒಬ್ಬರೂ ಸಿಗುವುದಿಲ್ಲ. ಕೊತ್ತಂಬರಿ ಸೊಪ್ಪಿಗೂ ಕಾರು ಬೇಕು. ಕುಪರ್ಟಿನೋದೊಳಗೆ ರೈಲು ನಿಲ್ದಾಣವೇ ಇಲ್ಲ. ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನಿಗೆ ಆ ಮನೆ ಇನ್ನೂ ಕಷ್ಟ. ಸಂಜೆ ಆರಕ್ಕೆ ಮಗ ಬರುವವರೆಗೆ ಮಾತಿಗೆ ಟಿವಿಯೇ ಗತಿ.

ಅದೇ ಸನ್ನಿವೇಲ್‌ನ ಮರ್ಫಿ ಅವೆನ್ಯೂ ಸುತ್ತಮುತ್ತ ಕ್ಯಾಲ್‌ಟ್ರೇನ್ ರೈಲು ನಿಲ್ದಾಣವೂ ಅಂಗಡಿಬೀದಿಯೂ ಕಾಲ್ನಡಿಗೆಯ ದೂರದಲ್ಲಿವೆ. ಎಲ್ ಕಮಿನೋ ರಸ್ತೆಯುದ್ದಕ್ಕೂ ಬಸ್ಸಿದೆ, ದೋಸೆ ಹಿಟ್ಟಿನಿಂದ ಹಪ್ಪಳದವರೆಗೆ ಸಿಗುವ ಅಂಗಡಿಗಳಿವೆ. ಫ್ರೀಮಾಂಟಿಗೆ ಮೊದಲಿನಿಂದಲೂ ಬಾರ್ಟ್ ರೈಲಿದೆ; 2020ರಲ್ಲಿ ಅದು ಮಿಲ್ಪಿಟಸ್ ದಾಟಿ ಸ್ಯಾನ್ ಹೋಸೆಯ ಬೆರಿಯೆಸ್ಸಾವರೆಗೆ ಬಂತು. ಶಾಲೆಯ ಅಂಕ ಇಲ್ಲಿ ಬೀದಿಯಿಂದ ಬೀದಿಗೆ ಏರಿಳಿಯುತ್ತದೆ ನಿಜ. ಆದರೆ ಹೊಸದಾಗಿ ಬಂದ ಹೆಂಗಸೊಬ್ಬಳು ಮಗುವನ್ನು ಶಾಲೆಗೆ ಬಿಟ್ಟು ಗ್ರಂಥಾಲಯಕ್ಕೆ ನಡೆದು ಹೋಗಬಲ್ಲಳು. ಅಲ್ಲಿ ಪುಟ್ಟ ಮಕ್ಕಳ ಕಥಾಸಮಯದಲ್ಲಿ ಇನ್ನೊಬ್ಬ ತಾಯಿಯ ಪರಿಚಯವಾಗುತ್ತದೆ. ಕನ್ನಡ ಕೂಟದ ಯುಗಾದಿಗೆ ಕಾರಿನಲ್ಲಿ ಕರೆದೊಯ್ಯುವವರು ಹಾಗೆಯೇ ಸಿಗುತ್ತಾರೆ. ಮೊದಲ ವರ್ಷ ಅಲ್ಲಿ ಬದುಕು ಕಟ್ಟಿಕೊಳ್ಳುವುದು ಈ ಬಗೆಯ ಪರಿಚಯಗಳಿಂದ. ಗ್ರೇಟ್‌ಸ್ಕೂಲ್ಸ್ ಇದಕ್ಕೆ ಅಂಕ ಕೊಡುವುದಿಲ್ಲ. ಕೊಡುತ್ತೇನೆಂದು ಅದು ಹೇಳಿಯೂ ಇಲ್ಲ. ತಪ್ಪು ಅಂಕದ್ದಲ್ಲ, ಒಂದೇ ಅಂಕದಿಂದ ಎಲ್ಲವನ್ನೂ ಅಳೆಯುವ ನಮ್ಮದು.

ಬಂದ ಹೊಸತರಲ್ಲೇ ಶಾಲೆಗಾಗಿ ಮನೆ ಕೊಳ್ಳುವವರಿಗೆ ಒಂದು ಮಾತು. ಎಚ್-1ಬಿ ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಮನೆ ಸಾಲದ ಅವಧಿ 30 ವರ್ಷ.

ತೀರಾ ದುರ್ಬಲವಾದ ಶಾಲೆಯನ್ನು ಗುರುತಿಸಲು ಈ ಅಂಕ ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಏಳು, ಎಂಟು, ಹತ್ತರ ನಡುವೆ ಆರಿಸಲು ಬರುವುದಿಲ್ಲ. ಹೊರಡುವವರಲ್ಲಿ ನನ್ನ ವಿನಂತಿ ಇಷ್ಟೇ: ಗಂಡನೊಬ್ಬನೇ ಮೊದಲು ಹೋಗಿ, ಶಾಲೆಯ ಅಂಕ ನೋಡಿ, ವರ್ಷದ ಲೀಸಿಗೆ ಸಹಿ ಹಾಕಿಬಿಡಬೇಡಿ. ಒಂದು ತಿಂಗಳು ತಾತ್ಕಾಲಿಕ ವಸತಿಯಲ್ಲಿ ಎಲ್ಲರೂ ಇರಿ. ಹಗಲು ಆ ಮನೆಯಲ್ಲಿ ಇರಬೇಕಾದವರು ಬೀದಿಗಳಲ್ಲಿ ನಡೆದು, ಬಸ್ಸು ಹತ್ತಿ, ಡಿಸ್ಟ್ರಿಕ್ಟ್ ಕಚೇರಿಗೆ ಹೋಗಿ ತರಗತಿಯಲ್ಲಿ ಜಾಗವಿದೆಯೇ ಎಂದು ಕೇಳಿ, ಮನೆಯನ್ನು ತಾವೇ ಆರಿಸಲಿ. ಅಲ್ಲಿ ಶಾಲೆ ಶುರುವಾಗುವುದು ಆಗಸ್ಟ್ ನಡುವಿಗೆ; ಜುಲೈ ಮೊದಲ ವಾರದಲ್ಲಿ ವಿಮಾನ ಹತ್ತಿದರೆ ಇಷ್ಟಕ್ಕೆಲ್ಲ ಸಮಯ ಸಿಗುತ್ತದೆ.