ದಿನಚರಿ ಎಂಬ ಬರಹದ ಲಕ್ಷಣ

ನಮ್ಮ ವಿಮರ್ಶೆಯಲ್ಲಿ ಆತ್ಮಕಥೆಗೆ ಒಂದು ಸ್ಥಾನವುಂಟು. ಪ್ರವಾಸಕಥನಕ್ಕೂ ಪತ್ರಸಾಹಿತ್ಯಕ್ಕೂ ಉಂಟು. ದಿನಚರಿಗೆ ಮಾತ್ರ ಅಂತಹ ಸ್ಥಾನವು ಇನ್ನೂ ನೆಲೆಯಾಗಿ ದೊರೆತಂತೆ ಕಾಣುವುದಿಲ್ಲ. ಅದನ್ನು ಆತ್ಮಕಥೆಯ ಕಚ್ಚಾ ಸಾಮಗ್ರಿಯೆಂದು ಎಣಿಸಿ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವುದೇ ಸಾಮಾನ್ಯವಾದ ರೂಢಿ. ಆ ಎರಡು ವಾಕ್ಯಗಳಲ್ಲಿಯೂ ಹೇಳುವುದೇನೆಂದರೆ, ದಿನಚರಿಯು ಅಂತರಂಗದ ನಿವೇದನೆ, ಅದು ಎಷ್ಟು ಪ್ರಾಮಾಣಿಕವೋ ಅಷ್ಟು ಶ್ರೇಷ್ಠ, ಎಂಬುದು. ಈ ಅಳತೆಗೋಲನ್ನು ಹಿಡಿದು ಹೊರಟರೆ ಲೋಕದಲ್ಲಿ ಜನರು ನಿಜವಾಗಿ ಬರೆದಿಟ್ಟಿರುವ ದಿನಚರಿಗಳಲ್ಲಿ ಬಹುಪಾಲು ಹೊರಗೇ ನಿಲ್ಲಬೇಕಾಗುವುದು. ವರ್ತಕನ ರೋಜುಕಿರ್ದಿ, ದುಭಾಷಿಯ ವಾರ್ತಾಪುಸ್ತಕ, ಪ್ರವಾಸಿಯ ದಿನವಹಿ, ಕನಸುಗಳನ್ನು ಬರೆದಿಟ್ಟ ಪುಟಗಳು, ಇವೊಂದರಲ್ಲಿಯೂ ನಾವು ನಿರೀಕ್ಷಿಸುವ ರೀತಿಯ ಆತ್ಮನಿವೇದನೆಯು ಕಾಣದು. ಆದರೂ ಇವೆಲ್ಲವೂ ದಿನಚರಿಗಳೇ. ಹಾಗಾದರೆ ಇವನ್ನೆಲ್ಲ ಒಂದು ಜಾತಿಗೆ ಸೇರಿಸತಕ್ಕ ಲಕ್ಷಣವು ಯಾವುದು?

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಚರಿಯನ್ನು ಬರೆಯುವವನು ನಾಳೆ ಏನಾಗುವುದೆಂದು ಅರಿಯದೆ ಬರೆಯುತ್ತಾನೆ. ಆತ್ಮಕಥೆಯನ್ನು ಬರೆಯುವವನಿಗೆ ಕಥೆಯ ಮುಕ್ತಾಯವು ಬಹುಮಟ್ಟಿಗೆ ಗೊತ್ತಿರುತ್ತದೆ. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬುದನ್ನು ಆ ಮುಕ್ತಾಯವೇ ಅವನಿಗೆ ತೋರಿಸಿಕೊಡುತ್ತದೆ. ದಿನಚರಿಕಾರನಿಗೆ ಈ ಸಹಾಯವಿಲ್ಲ. ಈ ಅಜ್ಞಾನವೇ ಅವನ ಬರಹದ ಗುಣವೆಂದೂ, ಅದನ್ನು ಕೆಡಿಸುವ ಸಂಪಾದನೆಯು ಗ್ರಂಥವನ್ನೇ ಕೆಡಿಸುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಸ್ಯಾಮ್ಯುಯಲ್ ಪೀಪ್ಸನ ದಿನಚರಿಯಿಂದ ಪ್ರಾರಂಭಿಸೋಣ. ಅದು 1660ನೆಯ ಜನವರಿ 1ರಂದು ಮೊದಲಾಗಿ 1669ನೆಯ ಮೇ 31ರಂದು ನಿಂತಿತು. ಕಣ್ಣು ಹೋಗುವುದೆಂಬ ಭಯದಿಂದ ಪೀಪ್ಸನು ಅದನ್ನು ನಿಲ್ಲಿಸಿದನು. ಕಣ್ಣು ಹೋಗಲಿಲ್ಲ, ಅವನು 1703ರವರೆಗೆ ಬದುಕಿದನು. ಇವನು ನೌಕಾಪಡೆಯ ಕಛೇರಿಯ ಅಧಿಕಾರಿ, ಸ್ವಭಾವದಲ್ಲಿ ಪಕ್ಕಾ ಲೆಕ್ಕಿಗ. ತಿಂಗಳ ಕೊನೆಗೂ ವರ್ಷದ ಕೊನೆಗೂ ತನ್ನ ಆಸ್ತಿಯನ್ನು ಕೂಡಿ ಕಳೆದು ದೇವರಿಗೆ ವಂದಿಸುವುದು ಇವನ ಪದ್ಧತಿ. ಮದ್ಯವನ್ನೂ ನಾಟಕವನ್ನೂ ಬಿಡುವೆನೆಂದು ವ್ರತವನ್ನು ಕೈಕೊಂಡು, ವ್ರತಭಂಗವಾದಾಗ ಬಡವರ ಪೆಟ್ಟಿಗೆಗೆ ದಂಡವನ್ನು ಹಾಕಿ, ಅದನ್ನೂ ಬರೆದಿಡುತ್ತಾನೆ. ಪಾಪವೂ ಇವನಿಗೆ ಒಂದು ಖರ್ಚಿನ ಬಾಬು. ಇವನ ಅಂತರಂಗನಿವೇದನೆಯನ್ನು ಹೊಗಳುವ ವಿಮರ್ಶಕರು ಈ ಲೆಕ್ಕದ ಬುದ್ಧಿಯನ್ನು ದೋಷವೆಂಬಂತೆ ಸಹಿಸಿಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇವನ ದಿನಚರಿಯು ಹುಟ್ಟಿದುದೇ ಆ ಬುದ್ಧಿಯಿಂದ. ಕಿರ್ದಿಯನ್ನು ಬರೆಯುವವನು ಅಂದಂದಿನ ಜಮಾಖರ್ಚನ್ನು ಅಂದಂದೇ ಬರೆಯಬೇಕು. ಇದು ದೊಡ್ಡ ಮೊತ್ತ, ಇದು ಚಿಲ್ಲರೆ ಎಂದು ಆರಿಸಿ ಬಿಡುವ ಹಕ್ಕು ಅವನಿಗಿಲ್ಲ.

1666ನೆಯ ಸೆಪ್ಟೆಂಬರ್ 2ರ ದಾಖಲೆಯನ್ನು ನೋಡಬೇಕು. ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಮನೆಯ ಕೆಲಸದವಳು ಎಬ್ಬಿಸಿ, ಊರಲ್ಲಿ ಬೆಂಕಿ ಬಿದ್ದಿದೆ ಎಂದಳು. ಪೀಪ್ಸನು ಕಿಟಕಿಯಿಂದ ನೋಡಿ, ಅದು ದೂರದಲ್ಲಿದೆಯೆಂದು ಬಗೆದು, ಮತ್ತೆ ಹೋಗಿ ಮಲಗಿಕೊಂಡನು. ಲಂಡನ್ ನಗರದ ಬಹುಭಾಗವನ್ನು ಸುಟ್ಟ ಮಹಾಗ್ನಿ ಅದು. ಅದೇ ದಿನ ಅವನು ದೊರೆಗೆ ಸುದ್ದಿ ಮುಟ್ಟಿಸಿದುದೂ, ಮುಂದಿನ ದಿನಗಳಲ್ಲಿ ಮನೆಯ ಸಾಮಾನುಗಳನ್ನು ಸಾಗಿಸಿದುದೂ, ದ್ರಾಕ್ಷಾರಸವನ್ನೂ ಪಾರ್ಮಾ ಊರಿನ ಗಿಣ್ಣನ್ನೂ ತೋಟದಲ್ಲಿ ಹೂಳಿದುದೂ ಬರುತ್ತವೆ. ಬೆಂಕಿಯ ಕಥೆಯನ್ನು ಹತ್ತು ವರ್ಷಗಳ ಮೇಲೆ ಬರೆಯುವ ಯಾವನಾದರೂ ತಾನು ಮತ್ತೆ ಮಲಗಿದುದನ್ನು ಮುಚ್ಚಿಡುತ್ತಿದ್ದನು, ಇಲ್ಲವೆ ಅದನ್ನು ಒಂದು ಸೊಗಸಾದ ವ್ಯಂಗ್ಯವಾಗಿ ಮಾಡುತ್ತಿದ್ದನು. ಪೀಪ್ಸನಲ್ಲಿ ಈ ಎರಡೂ ಇಲ್ಲ. ನಿದ್ದೆ ಬಂದಿತ್ತು, ಮಲಗಿದನು. ಮಹಾ ಘಟನೆಗಳು ಮನುಷ್ಯರ ಬಾಳನ್ನು ಹೊಕ್ಕು ಬರುವ ಕ್ರಮವೇ ಹೀಗೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಚರಿತ್ರೆಯ ಗ್ರಂಥಗಳಲ್ಲಿ ಕಾಣುವುದಿಲ್ಲ.

ಅವನ ಸ್ನೇಹಿತನಾದ ಜಾನ್ ಈವ್ಲಿನ್ನನ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಭೇದವು ತಿಳಿಯುವುದು. ಈವ್ಲಿನ್ನನು ತನ್ನ ಮೊದಲ ವರ್ಷಗಳ ಭಾಗವನ್ನು ಹಳೆಯ ಟಿಪ್ಪಣಿಗಳ ಆಧಾರದಿಂದ ಬಹುಕಾಲದ ಮೇಲೆ ಕುಳಿತು ಬರೆದವನು. ವಿದ್ವತ್ತಿನಲ್ಲಿಯೂ ಗಾಂಭೀರ್ಯದಲ್ಲಿಯೂ ಅವನೇ ಮೇಲು. 1818ರಲ್ಲಿ, ಎಂದರೆ ಪೀಪ್ಸನಿಗಿಂತ ಏಳು ವರ್ಷ ಮೊದಲೇ, ಅಚ್ಚಾದುದೂ ಅವನದೇ. ಆದರೆ ಆ ಭಾಗದ ದಿನಗಳೆಲ್ಲವೂ ಒಂದೇ ಹದದಲ್ಲಿ ಬೆಂದಂತೆ ಇವೆ, ದಿನಾಂಕಗಳಿದ್ದರೂ ದಿನಗಳಿಲ್ಲ.

ತಿದ್ದಿದ ಮಾತ್ರಕ್ಕೆ ದಿನಚರಿಯು ಸತ್ತುಹೋಗುವುದೇ ಎಂದು ಕೇಳಬಹುದು. ಹಾಗೆ ಹೇಳಲಾಗದು. ಆಂಸ್ಟರ್‌ಡಾಮಿನಲ್ಲಿ ಅಡಗಿ ಬಾಳಿದ ಆನ್ ಫ್ರಾಂಕಳು, ಯುದ್ಧಕಾಲದ ದಿನಚರಿಗಳನ್ನು ಕಾಪಾಡಿಡಬೇಕೆಂಬ ರೇಡಿಯೋ ಭಾಷಣವನ್ನು 1944ರ ಮಾರ್ಚಿಯಲ್ಲಿ ಕೇಳಿ, ತನ್ನ ಹಿಂದಿನ ಪುಟಗಳನ್ನು ಪ್ರಕಟಣೆಗಾಗಿ ಮತ್ತೆ ಬರೆಯತೊಡಗಿದಳು. ಹೀಗಾಗಿ ಅವಳ ಬರಹಕ್ಕೆ ಎರಡು ಪಾಠಗಳುಂಟು. ಆದರೂ ಎರಡನೆಯ ಪಾಠವನ್ನು ಬರೆಯುವಾಗಲೂ ಅವಳಿಗೆ ತನ್ನ ನಾಳೆಯು ತಿಳಿದಿರಲಿಲ್ಲ; ಕೊನೆಯ ದಾಖಲೆಯು ಆಗಸ್ಟ್ 1ರದು, ಅವಳನ್ನು ಸೆರೆಹಿಡಿದುದು 4ರಂದು. ಭಾಷೆಯನ್ನು ತಿದ್ದುವುದು ಬೇರೆ, ಫಲವನ್ನು ತಿಳಿದು ತಿದ್ದುವುದು ಬೇರೆ.

ನಮ್ಮ ದೇಶದ ಕಡೆಗೆ ತಿರುಗಿದರೆ ಮೊದಲು ನೆನಪಿಗೆ ಬರತಕ್ಕವನು ಪುದುಚೇರಿಯ ಆನಂದರಂಗ ಪಿಳ್ಳೆ. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಈತನು 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿಯನ್ನು ಬರೆದನು. ಅದು 1846ರಲ್ಲಿ ಬೆಳಕಿಗೆ ಬಂದಿತು. ಮದರಾಸಿನಲ್ಲಿ 1904ರಿಂದ 1928ರವರೆಗೆ ಹನ್ನೆರಡು ಸಂಪುಟಗಳಾಗಿ ಇಂಗ್ಲಿಷಿಗೆ ಅನುವಾದವಾಯಿತು. ಹಡಗುಗಳ ಬರವು, ಹೋಕು, ಸರಕು, ದರ್ಬಾರಿನ ಮಾತು, ಗವರ್ನರನ ಹೆಂಡತಿಯ ಕಿರುಕುಳ, ಪ್ರತಿಸ್ಪರ್ಧಿಗಳ ಚಾಡಿ, ಜೋಯಿಸರ ಭವಿಷ್ಯ, ಎಲ್ಲವೂ ಇದರಲ್ಲಿ ಒಂದೇ ಸಾಲಿನಲ್ಲಿ ಕುಳಿತಿವೆ. ಚರಿತ್ರಕಾರರು ಇದನ್ನು ಗಣಿಯಂತೆ ಅಗೆದು ತಮಗೆ ಬೇಕಾದುದನ್ನು ತೆಗೆದುಕೊಂಡಿದ್ದಾರೆ. ಸಾಹಿತ್ಯವೆಂದು ಓದಿದವರು ಕಡಮೆ. ಓದಿದರೆ ಕಾಣುವುದೇನೆಂದರೆ, ಈತನ ಭಯವು ಬರಹದಲ್ಲಿ ದಿನದಿನಕ್ಕೂ ಏರಿ ಇಳಿಯುತ್ತದೆ. 1748ರಲ್ಲಿ ಇಂಗ್ಲಿಷರು ಪಟ್ಟಣವನ್ನು ಮುತ್ತಿದ್ದಾಗ ವೇದಪುರೀಶ್ವರನ ದೇವಸ್ಥಾನವನ್ನು ಕೆಡವಿದುದನ್ನು ಈತನು ಬರೆಯುವ ರೀತಿಯಲ್ಲಿ, ಅಧಿಕಾರದ ಸಮೀಪದಲ್ಲಿದ್ದೂ ಏನನ್ನೂ ತಡೆಯಲಾರದವನ ಸಂಕಟವಿದೆ. ಡ್ಯೂಪ್ಲೆಯ ಪತನವು ನಮಗೆ ಗೊತ್ತು. ಪಿಳ್ಳೆಗೆ ಆಗ ಗೊತ್ತಿರಲಿಲ್ಲ. ಈತನು ತೀರಿಕೊಂಡುದು 1761ನೆಯ ಜನವರಿಯಲ್ಲಿ. ಪುದುಚೇರಿಯು ಇಂಗ್ಲಿಷರ ಕೈಸೇರಿದುದೂ ಅದೇ ತಿಂಗಳಲ್ಲಿ, ಈತನ ಸಾವಿನ ಕೆಲವೇ ದಿನಗಳ ಮೇಲೆ.

ಕರ್ಣಾಟಕದಲ್ಲಿ ಹುಟ್ಟಿದ ದಿನಚರಿಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದುದು ಕನ್ನಡದಲ್ಲಿಲ್ಲ, ಪಾರಸಿಯಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಟೀಪೂ ಸುಲ್ತಾನನ ಮಲಗುವ ಕೋಣೆಯಲ್ಲಿ ಅವನ ಸ್ವಹಸ್ತದ ಒಂದು ಸಣ್ಣ ಪುಸ್ತಕವು ಸಿಕ್ಕಿತು. ಅದರಲ್ಲಿ ಅವನು ತನ್ನ ಮೂವತ್ತೇಳು ಕನಸುಗಳನ್ನು ಬರೆದಿದ್ದಾನೆ. ಅಂತಹ ಪುಸ್ತಕವೊಂದು ಉಂಟೆಂದು ಅವನ ಮುನ್ಷಿಗೆ ಗೊತ್ತಿದ್ದರೂ ಒಳಗೇನಿದೆಯೆಂಬುದು ಗೊತ್ತಿರಲಿಲ್ಲವಂತೆ. ಅಷ್ಟು ಗುಟ್ಟಾಗಿ ಇಟ್ಟಿದ್ದನು. ಈಗ ಆ ಹಸ್ತಪ್ರತಿಯು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕನಸುಗಳಿಗೆ ತಾನೇ ರೂಢಿಗೆ ತಂದ ಪಂಚಾಂಗದ ತಿಂಗಳುಗಳನ್ನು ಹಾಕಿದ್ದಾನೆ; ರಾತ್ರಿಯ ಸ್ವಪ್ನವನ್ನೂ ಆಡಳಿತದ ಕಾಲಗಣನೆಗೆ ಒಳಪಡಿಸಿದ ಪ್ರಭುವನ್ನು ಬೇರೆಲ್ಲಿ ಕಾಣಬೇಕು! ಒಂದು ಕನಸಿನಲ್ಲಿ ಸುಂದರನಾದ ಪುರುಷನೊಬ್ಬನು ಕಾಣಿಸಿಕೊಂಡು, ಕಡೆಗೆ ಪುರುಷವೇಷದ ಹೆಂಗಸೆಂದು ತಿಳಿಯುತ್ತದೆ. ಮರಾಠರು ಗಂಡಿನ ವೇಷದಲ್ಲಿದ್ದರೂ ಯುದ್ಧದಲ್ಲಿ ಹೆಣ್ಣಿನಂತಾಗುವರೆಂದು ಟೀಪು ಅದಕ್ಕೆ ಅರ್ಥಮಾಡಿಕೊಳ್ಳುತ್ತಾನೆ. ಹೆಂಗಸರ ಮೇಲಣ ಆ ಕಾಲದ ತಾತ್ಸಾರವನ್ನು ಪಕ್ಕಕ್ಕಿಟ್ಟು ನೋಡಿದರೆ, ಇಲ್ಲಿ ನಡೆಯುತ್ತಿರುವುದು ನಾಳೆಯನ್ನು ಬಲಾತ್ಕಾರದಿಂದ ತಿಳಿಯುವ ಯತ್ನ.

ಮೇಲೆ ಹೇಳಿದ ಲಕ್ಷಣಕ್ಕೆ ಇದು ಬಾಧಕವೆಂದು ಯಾರಾದರೂ ಆಕ್ಷೇಪಿಸಬಹುದು: ಇವನು ನಾಳೆಯನ್ನು ಕುರಿತೇ ಬರೆಯುತ್ತಿದ್ದಾನಲ್ಲವೆ? ಹೌದು, ಆದರೆ ಅದು ತಿಳಿಯದು ಎಂಬುದೇ ಆ ಪುಸ್ತಕದ ಒಳಗಿನ ವೇದನೆ. ತನ್ನ ರಾಜಪತ್ರಗಳಲ್ಲಿ ಆಜ್ಞೆ ಮಾಡುವ ಅರಸನು ಇಲ್ಲಿ ಸೂಚನೆಗಳಿಗಾಗಿ ಕಾಯುತ್ತಾನೆ. ಅಂತರಂಗದ ಒಂದು ಮಾತನ್ನೂ ನೇರವಾಗಿ ಹೇಳದ ಈ ಪುಟಗಳಲ್ಲಿ ಅವನ ಮನಸ್ಸು ಕಾಣುವಷ್ಟು ಬೇರೆಲ್ಲಿಯೂ ಕಾಣದು. ಪ್ರಾಮಾಣಿಕತೆಯ ಅಳತೆಗೋಲು ಇಲ್ಲಿ ಏನನ್ನು ಅಳೆಯಬಲ್ಲುದು?

ಆ ಅಳತೆಗೋಲು ತನಗೆ ತೀರ ಅನುಕೂಲವಾದ ಸ್ಥಳದಲ್ಲಿಯೂ ಸೋಲುತ್ತದೆ. ಟಾಲ್‌ಸ್ಟಾಯ್‌ಗಿಂತ ಕಠಿನವಾಗಿ ಆತ್ಮಪರೀಕ್ಷೆ ಮಾಡಿಕೊಂಡ ದಿನಚರಿಕಾರರು ವಿರಳ. 1847ರಲ್ಲಿ ತೊಡಗಿದ ಆತನು 1862ರಲ್ಲಿ ಮದುವೆಗೆ ಮೊದಲು ತನ್ನ ದಿನಚರಿಗಳನ್ನು ವಧುವಿನ ಕೈಗೆ ಕೊಟ್ಟು ಓದಿಸಿದನು. ಆಕೆಗಾದ ನೋವು ಆಕೆಯ ಸ್ವಂತ ದಿನಚರಿಯಲ್ಲಿ ಬಹುಕಾಲ ಕಾಣುತ್ತದೆ. 1910ರಲ್ಲಿ, ಹೆಂಡತಿಯು ಓದುವಳೆಂಬ ಕಾರಣದಿಂದ, ತನಗೊಬ್ಬನಿಗೇ ಎಂದು ಇನ್ನೊಂದು ದಿನಚರಿಯನ್ನು ಪ್ರಾರಂಭಿಸಿ ಬೂಟಿನಲ್ಲಿ ಅಡಗಿಸಿಟ್ಟನು. ಮೊದಲನೆಯದು ಪ್ರಾಮಾಣಿಕವಲ್ಲವೆಂದು ಹೇಳೋಣವೆ? ಓದುವವರು ಯಾರೆಂಬುದಕ್ಕೆ ತಕ್ಕಂತೆ ನಿಜವು ತನ್ನ ಆಕಾರವನ್ನು ಬದಲಿಸುವುದು, ಅಷ್ಟೆ.

ಕಾವ್ಯಕ್ಕೂ ದಿನಚರಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕಾದ ಅಧ್ಯಾಪಕರಿಗೆ ಡಾರತಿ ವರ್ಡ್ಸ್‌ವರ್ತಳ ಗ್ರಾಸ್‌ಮಿಯರ್ ದಿನಚರಿಗಿಂತ ಒಳ್ಳೆಯ ಉದಾಹರಣೆಯು ಸಿಕ್ಕದು. ಅಣ್ಣನು ಊರಿಗೆ ಹೋಗಿದ್ದಾಗ, ಹಿಂತಿರುಗಿದ ಮೇಲೆ ಅವನಿಗೆ ಸಂತೋಷವಾಗಲೆಂದು, 1800ರ ಮೇ ತಿಂಗಳಲ್ಲಿ ಆಕೆ ಇದನ್ನು ಆರಂಭಿಸಿದಳು. 1802ನೆಯ ಏಪ್ರಿಲ್ 15ರಂದು ಅಣ್ಣತಂಗಿಯರು ಸರೋವರದ ದಡದಲ್ಲಿ ಡ್ಯಾಫಡಿಲ್ ಹೂಗಳನ್ನು ಕಂಡರು. ದಿನಚರಿಯಲ್ಲಿ ಮೊದಲು ನೀರಿನ ಹತ್ತಿರ ಕೆಲವೇ ಹೂಗಳು ಕಣ್ಣಿಗೆ ಬೀಳುತ್ತವೆ. ನಡೆದಂತೆ ನಡೆದಂತೆ ಹೆಚ್ಚುತ್ತವೆ. ಕೊನೆಗೆ ದಡದುದ್ದಕ್ಕೂ ರಸ್ತೆಯಷ್ಟು ಅಗಲದ ಪಟ್ಟಿಯಾಗಿ ಕಾಣುತ್ತವೆ. ಗಾಳಿಯ ರಭಸವೂ ಉಂಟು, ದಾರಿಯ ಆಯಾಸವೂ ಉಂಟು. ಎರಡು ವರ್ಷಗಳ ಮೇಲೆ ಅಣ್ಣನು ಬರೆದ ಪ್ರಸಿದ್ಧ ಕವನದಲ್ಲಿ ತಂಗಿಯೇ ಇಲ್ಲ; ಕವಿಯು ಒಂಟಿ, ಹೂಗಳು ಸಾವಿರ ಸಾವಿರವಾಗಿ ಒಮ್ಮೆಗೇ ಎದುರಾಗುತ್ತವೆ. ಕಾವ್ಯವು ದೊಡ್ಡದು, ಅದರಲ್ಲಿ ವಿವಾದವಿಲ್ಲ. ನೆನಪಿನಿಂದ ಹುಟ್ಟಿದ ಅದಕ್ಕೆ ಆ ನೋಟದ ಬೆಲೆಯು ಮೊದಲೇ ತಿಳಿದಿದೆ. ತಂಗಿಗೆ ಮುಂದಿನ ತಿರುವಿನಲ್ಲಿ ಹೂಗಳು ಇರುವುವೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ. ಆಕೆಯ ಬರಹವನ್ನು ಕವನಕ್ಕೆ ಟಿಪ್ಪಣಿಯೆಂದು ಮಾತ್ರ ಪಾಠಹೇಳುವುದು ಅನ್ಯಾಯ.

ಕನ್ನಡದಲ್ಲಿ ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980) ಈ ಪ್ರಶ್ನೆಯನ್ನು ಒಂದೇ ಗ್ರಂಥದೊಳಗೆ ಎತ್ತುತ್ತದೆ. ಅಲ್ಲಿ ಅವರು ತಮ್ಮ ತಾರುಣ್ಯದ ದಿನಚರಿಯ ಭಾಗಗಳನ್ನು ಆತ್ಮಕಥೆಯ ನಡುವೆ ಸೇರಿಸಿದ್ದಾರೆ. ಹಿರಿಯ ಕವಿಯ ತುಂಬಿದ ಗದ್ಯವು ನಿಧಾನವಾಗಿ ಹರಿಯುತ್ತಿರುವಾಗ, ತಾನು ಏನಾಗುವೆನೆಂದು ಅರಿಯದ ವಿದ್ಯಾರ್ಥಿಯ ಮೊಟಕು ವಾಕ್ಯಗಳು ನಡುವೆ ಬಂಡೆಗಳಂತೆ ತಲೆಯೆತ್ತುತ್ತವೆ. ಅವು ಓಟಕ್ಕೆ ಅಡ್ಡಿಯೆಂದು ತೋರುವವರೂ ಇರಬಹುದು. ನಮಗೆ ಗ್ರಂಥವು ಅಲ್ಲಿಯೇ ಹೆಚ್ಚು ಜೀವಂತವೆನಿಸುತ್ತದೆ. ಇನ್ನೊಬ್ಬರ ಬಾಳಿನ ದಿನಚರಿಯನ್ನು ಬರೆದ ಮಹಾದೇವ ದೇಸಾಯಿಯವರದು ಬೇರೆಯೇ ಒಂದು ಜಾತಿ. 1917ರಿಂದ 1942ರಲ್ಲಿ ತಾವು ಕಾಲವಾಗುವವರೆಗೆ ಅವರು ಗಾಂಧೀಜಿಯವರ ಸಂಗಡವಿದ್ದು ಬರೆದ ಆ ಸಂಪುಟಗಳಿಗೆ ಪ್ರತ್ಯೇಕ ಲೇಖನವೇ ಬೇಕು.

ಇಷ್ಟನ್ನೂ ಹೇಳಿದುದು ಸಂಪಾದನೆಯ ವಿಷಯಕ್ಕೆ ಬರುವುದಕ್ಕಾಗಿ. ಪೀಪ್ಸನು ಶೀಘ್ರಲಿಪಿಯಲ್ಲಿ ಬರೆದುದನ್ನು 1819ರಿಂದ 1822ರವರೆಗೆ ಶ್ರಮಪಟ್ಟು ಓದಿ ಬಿಡಿಸಿದವನು ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ. 1825ರಲ್ಲಿ ಬ್ರೇಬ್ರೂಕ್ ಪ್ರಭುವು ಅದನ್ನು ಅಚ್ಚು ಮಾಡಿಸುವಾಗ, ಅಲ್ಪವಿಷಯವೆಂದು ತೋರಿದುದನ್ನೂ ಅಶ್ಲೀಲವೆಂದು ತೋರಿದುದನ್ನೂ ತೆಗೆದುಹಾಕಿದನು. ಸಮಗ್ರವಾದ ಪಾಠವು ಹೊರಬಂದುದು 1970ರಿಂದ 1983ರವರೆಗಿನ ಹನ್ನೊಂದು ಸಂಪುಟಗಳಲ್ಲಿ. ಅಲ್ಲಿಯವರೆಗೆ ಓದುಗರು ಕಂಡುದು, ದೊಡ್ಡ ಸಂಗತಿಗಳನ್ನು ಮಾತ್ರ ಗುರುತಿಸಬಲ್ಲ, ಎಂದರೆ ನಾಳೆಯನ್ನು ಬಲ್ಲ, ಮತ್ತೊಬ್ಬ ಪೀಪ್ಸನನ್ನು.

ನಮ್ಮಲ್ಲಿ ಈ ಕತ್ತರಿಯ ಪ್ರಯೋಗವು ಇನ್ನೂ ಸುಲಭ, ಏಕೆಂದರೆ ವಸ್ತುವೇ ಕಣ್ಮರೆಯಾಗುತ್ತಿದೆ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಎಷ್ಟು ದಿನಗಳು ಹೀಗೆ ಅಳಿದವೋ! ಶೃಂಗೇರಿ ಮಠದ ಕಡತಗಳು ಉಳಿದುದು ಮಠದ ಪುಣ್ಯ. ಮನೆಗಳ ಅಟ್ಟದಲ್ಲಿರುವ ಕಿರ್ದಿಗಳನ್ನು ಕಾಯುವವರಿಲ್ಲ. ಮಗುವಿನ ಜ್ವರಕ್ಕೆ ತಂದ ಔಷಧದ ದುಡ್ಡು, ಮರುದಿನದ ಬಾಳೆಯೆಲೆಯ ದುಡ್ಡು, ಇವೆರಡೇ ಬಾಬುಗಳಿರುವ ಪುಟವನ್ನು ಸಾಹಿತ್ಯವೆನ್ನಲು ನಾವು ಅಂಜಬೇಕಾಗಿಲ್ಲ. ಅಂತಹವನ್ನು ಅಚ್ಚು ಹಾಕಿಸುವವರು ಯಾವ ಬಾಬನ್ನೂ ಚಿಲ್ಲರೆಯೆಂದು ಬಿಡಬಾರದು. ಸಂವತ್ಸರ, ಮಾಸ, ತಿಥಿಗಳನ್ನು ತೆಗೆದು ಇಂಗ್ಲಿಷ್ ತಾರೀಖನ್ನು ಮಾತ್ರ ಇಡಬಾರದು. ಪಿಳ್ಳೆಯ ಅನುವಾದಕರು ಇಂಗ್ಲಿಷ್ ತಾರೀಖಿನ ಜೊತೆಗೆ ತಮಿಳು ಸಂವತ್ಸರವನ್ನೂ ತಿಂಗಳನ್ನೂ ಉಳಿಸಿದ್ದಾರೆ. ಅಕ್ಷಯ ಸಂವತ್ಸರದ ಆಡಿ ತಿಂಗಳಲ್ಲಿ ಕುಳಿತು ಬರೆದವನಿಗೆ ಅದು 1746 ಎಂಬ ಅಂಕೆಗಿಂತ ಮೊದಲು ಆಡಿ ತಿಂಗಳಾಗಿತ್ತು.